ಗಿಡ್ಡ ತೋಳಿನ ಕೋಟು

"ಹಾಗೆ ಎಳೀಬೇಡಿ ಮೇಷ್ಟ್ರೇ, ಹರಿದುಹೋಗುತ್ತೆ!"

ಹಿಂದಿನಿಂದ ಯಾರೋ ಕೂಗಿದರು. ಮೇಷ್ಟ್ರು ಎಳೆಯುವುದನ್ನು ನಿಲ್ಲಿಸಿದರು. ಬೂದು ಬಣ್ಣದ ಹಳೆಯ ಕೋಟು ಅವರ ಅಗಲವಾದ ಭುಜದ ಅರ್ಧಕ್ಕೆ ಬಂದು ಹಟ ಹಿಡಿದಿತ್ತು, ಮೇಲೂ ಏರದು, ಕೆಳಗೂ ಇಳಿಯದು. ರಾಜಕೀಯಕ್ಕೆ ಬರುವ ಮುಂಚೆ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮನುಷ್ಯ ಅವರು. ಅಧ್ಯಕ್ಷಗಿರಿ ತನಗೇ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದರು. ಈಗ ಮುಖ ಕೆಂಪಾಯಿತು.

"ಬಿಚ್ಚಿ" ಎಂದರು, ಯಾರನ್ನೂ ನೋಡದೆ.

ಇಬ್ಬರು ಸೇರಿ ಅವರನ್ನು ಕೋಟಿನಿಂದ ಬಿಡಿಸಿದರು. ಬಾಗಿಲ ಪಕ್ಕ ನಿಂತಿದ್ದ ಇನ್ಸ್‌ಪೆಕ್ಟರ್ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಆದರೆ ಈ ಕೋಟಿನ ಒಡೆಯರಾದ ಪಕ್ಷದ ಅಧ್ಯಕ್ಷರು, ಎಲ್ಲರ ಬಾಯಲ್ಲಿ 'ದೊಡ್ಡವರು', ಮೊನ್ನೆ ಬೆಳಿಗ್ಗೆ ಇದೇ ಕಚೇರಿಯ ಹಿಂಬಾಗಿಲ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದಿದ್ದವರು, ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವರ ಮುಷ್ಟಿಯಲ್ಲಿ ಸಿಕ್ಕಿದ್ದು ಒಂದು ಚೂರು ಬೂದು ದಾರ.

ಚುನಾವಣೆಯಲ್ಲಿ ಪಕ್ಷ ಕಂಡ ಸೋಲು ಸಣ್ಣ ಸೋಲಲ್ಲ. ಗೆದ್ದುಬಂದ ಶಾಸಕರನ್ನೆಲ್ಲ ಒಂದು ಮಿನಿ ಬಸ್ಸಿನಲ್ಲಿ ಕೂರಿಸಿ, ಮಿಕ್ಕ ಸೀಟಿಗೆ ದಾರಿಯಲ್ಲಿ ಜನ ಹತ್ತಿಸಿಕೊಳ್ಳಬಹುದಿತ್ತು. ವಿಜಯೋತ್ಸವಕ್ಕೆಂದು ಬಾಡಿಗೆಗೆ ತಂದ ಕುರ್ಚಿಗಳು ಗೋಡೆಗೆ ಒರಗಿ ಇನ್ನೂ ಹಾಗೇ ಪೇರಿಸಿಕೊಂಡಿದ್ದವು. ಊದಿಟ್ಟ ಬಲೂನುಗಳು ಮೂಲೆಯಲ್ಲಿ ಸುಕ್ಕುಗಟ್ಟಿ ಬಿದ್ದಿದ್ದವು. ಅವನ್ನು ಗುಡಿಸಲು ಕೂಡ ಯಾರಿಗೂ ಕೈ ಬಂದಿರಲಿಲ್ಲ.

ಇಂಥ ಪಕ್ಷಕ್ಕೆ ಹೊಸ ನಾಯಕ ಬೇಕಿತ್ತು. ಅದನ್ನು ಹೇಳಬೇಕಾದದ್ದು ಕೋಟು.

ಪಕ್ಷ ಕಟ್ಟಿದವರು ಹೊಲಿಗೆ ಕಾರ್ಮಿಕರು. ಸೋತ ನಾಯಕ ಬಾಯಿಬಿಟ್ಟು ಉತ್ತರಾಧಿಕಾರಿಯ ಹೆಸರು ಹೇಳಬಾರದು ಎಂಬುದು ಅವರು ಮಾಡಿಟ್ಟ ಕಟ್ಟಳೆ. ಹೇಳುವ ಬದಲು ತನ್ನ ಕೋಟನ್ನು ತಾನು ಆರಿಸಿದವರ ಅಳತೆಗೆ ಗುಟ್ಟಾಗಿ ಹೊಲಿಸಿ ಬೀರುವಿನಲ್ಲಿ ನೇತುಹಾಕಬೇಕು. ಸಭೆಯ ದಿನ ಬೀರು ತೆರೆದು ಆಕಾಂಕ್ಷಿಗಳೆಲ್ಲ ತೊಟ್ಟು ನೋಡುತ್ತಾರೆ. ಯಾರಿಗೆ ಸರಿಹೊಂದಿತೋ ಅವರಿಗೆ ಶಾಸಕರು ಕೈ ಎತ್ತುತ್ತಾರೆ. ಎತ್ತದೇ ಇದ್ದ ನಿದರ್ಶನವೇ ಇಲ್ಲ. ಆ ಬೀರುವಿಗೆ ಬೀಗವೂ ಇಲ್ಲ, ಹಾಕಿದರೆ ಒಬ್ಬರನ್ನೊಬ್ಬರು ಅನುಮಾನಿಸಿದ ಹಾಗಾಗುತ್ತದಂತೆ! ಪೊಲೀಸ್ ಇಲಾಖೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಇನ್ಸ್‌ಪೆಕ್ಟರ್ ಇದನ್ನು ಕೇಳಿದಾಗ ಹಣೆ ಚಚ್ಚಿಕೊಂಡಿದ್ದಳು.

"ಡಾಕ್ಟರಮ್ಮ, ಈಗ ನೀವು."

ಡಾಕ್ಟರಮ್ಮ ಎದ್ದು ಬಂದರು. ಎರಡನೇ ಆಕಾಂಕ್ಷಿ. ಆಸ್ಪತ್ರೆಯಲ್ಲಿ ದುಡಿದು ಹೆಸರು ಮಾಡಿ ಚುನಾವಣೆಗೆ ಇಳಿದವರು, ಈ ಗಾಳಿಯಲ್ಲೂ ಗೆದ್ದುಬಂದವರು, ದೊಡ್ಡವರ ಬಿ.ಪಿ. ನೋಡುತ್ತಿದ್ದವರೂ ಅವರೇ. ಅವಸರವಿಲ್ಲದೆ ಬಲಗೈ ತೂರಿಸಿದರು. ತೋಳು ಮಣಿಕಟ್ಟಿಗೆ ಬಂದು ಹದವಾಗಿ ನಿಂತಿತು. ಭುಜ ಕೂತಿತು. ಸಭೆ ಉಸಿರು ಬಿಗಿಹಿಡಿಯಿತು.

ಎಡಗೈ ಹಾಕಿದರು. ಆ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆಯೇ ನಿಂತುಬಿಟ್ಟಿತು.

ಡಾಕ್ಟರಮ್ಮನ ಮುಖ ಬಿಳಿಚಿತು. ಒಂದು ಸಲ ಎಡಗೈಯನ್ನು, ಇನ್ನೊಂದು ಸಲ ಬಲಗೈಯನ್ನು ನೋಡಿಕೊಂಡರು. ನಟನೆಯಲ್ಲ, ನಿಜವಾಗಿ ಬೆಚ್ಚಿದ್ದಾರೆ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು. ಈಕೆಗೆ ಏನೂ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಅವರ ಹೆಸರಿನ ಮೇಲೆ ಗೀಟು ಎಳೆದಳು.

"ನನಗಲ್ಲ ಬಿಡಿ" ಎಂದು ಡಾಕ್ಟರಮ್ಮ ನಗಲು ನೋಡಿದರು. ನಗು ಬರಲಿಲ್ಲ.

"ಒಂದು ತೋಳು ಉದ್ದ, ಒಂದು ತೋಳು ಗಿಡ್ಡ! ಯಾರಪ್ಪ ಹೊಲಿದಿದ್ದು?" ಎಂದರು ಮೇಷ್ಟ್ರು. ತನ್ನೊಬ್ಬನಿಗೇ ಅವಮಾನವಾಗಲಿಲ್ಲವಲ್ಲ ಎಂಬ ಸಮಾಧಾನ ದನಿಯಲ್ಲಿತ್ತು.

ಗಿಡ್ಡ ಎಡತೋಳು. ಇನ್ಸ್‌ಪೆಕ್ಟರ್ ಕೋಟಿನಿಂದ ಕಣ್ಣು ಕಿತ್ತಳು. ಬೇಡ, ಆ ಕಡೆ ಯೋಚಿಸಲೇಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಶಾಸಕರು ತಮಾಷೆಗೆ ಅಂದರು:

"ಕಾರ್ಯದರ್ಶಿಗಳಿಗೂ ಒಮ್ಮೆ ಹಾಕಿ ನೋಡ್ರಪ್ಪ. ಜೀವಮಾನವೆಲ್ಲ ಬೇರೆಯವರಿಗೆ ಕೋಟು ಹಿಡ್ಕೊಂಡು ನಿಂತಿದ್ದಾರೆ ಪಾಪ."

ಜನ ನಕ್ಕರು. ಕಾರ್ಯದರ್ಶಿಯೂ ನಕ್ಕ. ದುಂಡುಮುಖದ, ಸಣ್ಣ ಹೊಟ್ಟೆಯ ಮನುಷ್ಯ. ಟೀ ಬಂತೇ, ಮೈಕು ಸರಿಯಿದೆಯೇ ಎಂದು ನೋಡಿಕೊಳ್ಳುವುದೇ ಅವನ ರಾಜಕೀಯ. ಈ ಸಲ ಹೇಗೋ ಗೆದ್ದಿದ್ದ, ಯಾಕೆ ಗೆದ್ದೆ ಎಂದು ಅವನಿಗೇ ತಿಳಿದಿರಲಿಲ್ಲ. "ಅಯ್ಯೋ, ನನಗ್ಯಾಕೆ" ಎನ್ನುತ್ತಿದ್ದಂತೆ ಯಾರೋ ಕೋಟು ಹಿಡಿದರು, ಇನ್ಯಾರೋ ಅವನನ್ನು ಮುಂದೆ ತಳ್ಳಿದರು.

ಬಲತೋಳು ಸರಿ. ಎಡತೋಳು ಮಣಿಕಟ್ಟಿಗೆ ಬಂದು, ಅವನಿಗೆಂದೇ ಹೇಳಿ ಹೊಲಿಸಿದ ಹಾಗೆ ನಿಂತಿತು. ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಕಾಜಿಗೆ ಎಟುಕಲಿಲ್ಲ. ಅದನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ತೋಳುಗಳ ಮೇಲೆ.

ನಗು ನಿಂತುಹೋಯಿತು. ಗರ ಬಡಿದವರ ಹಾಗೆ ಎಲ್ಲರೂ ನೋಡುತ್ತಾ ಕೂತರು. ಮೇಷ್ಟ್ರ ಬಾಯಿ ತೆರೆದದ್ದು ಮುಚ್ಚಲಿಲ್ಲ. ತಮಾಷೆ ಮಾಡಿದ ಹಿರಿಯರು ನಿಧಾನವಾಗಿ ಎದ್ದು ನಿಂತರು, ಅವರನ್ನು ನೋಡಿ ಉಳಿದವರೂ ಎದ್ದರು.

ಕಾರ್ಯದರ್ಶಿಯ ಮುಖದಲ್ಲಿ ರಕ್ತವಿರಲಿಲ್ಲ. ಸಭೆಯನ್ನೆಲ್ಲ ದಾಟಿ ಅವನ ಕಣ್ಣು ಬಾಗಿಲ ಬಳಿಯ ಇನ್ಸ್‌ಪೆಕ್ಟರ್ ಮೇಲೆ ನಿಂತಿತು. ಅವನು ಅವಳ ಅಕ್ಕನ ಗಂಡ. ಅವನ ಎಡಗೈ ಬಲಗೈಗಿಂತ ಎರಡು ಬೆರಳು ಗಿಡ್ಡ. ಈ ಲೋಕದಲ್ಲಿ ಅದು ಗೊತ್ತಿದ್ದವರು ಮೂವರೇ: ಅವನು, ಅಕ್ಕ ಮತ್ತು ಅವಳು.

ಅವಳ ಜೇಬಿನಲ್ಲಿ ಫೋನು ನಡುಗಿತು. ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ ದೊಡ್ಡವರ ಕೋಣೆಗೆ ಕಾವಲಿದ್ದ ಪೇದೆ.

"ಮೇಡಂ, ದೊಡ್ಡವರ ಕಣ್ಣುರೆಪ್ಪೆ ಅಲ್ಲಾಡ್ತಾ ಇದೆ. ಎಚ್ಚರ ಆಗಬಹುದು ಅಂತಿದ್ದಾರೆ."

ಆ ಮಾತು ಪಕ್ಕದಲ್ಲಿ ಬಂದು ನಿಂತಿದ್ದ ಡಾಕ್ಟರಮ್ಮನ ಕಿವಿಗೂ ಬಿತ್ತು. ಅವರ ಕಣ್ಣಲ್ಲಿ ನೀರು ತುಂಬಿತು.

"ನಾನು ಹೋಗ್ಲಾ?" ಎಂದರು ಮೆಲ್ಲಗೆ. "ಇಲ್ಲಿ ನನಗೇನಿದೆ ಕೆಲಸ? ಕೋಟು ಹೇಳೋದು ಹೇಳಾಯ್ತು. ಕಣ್ಣು ಬಿಟ್ಟಾಗ ಅವರ ಎದುರಿಗೆ ನಮ್ಮವರು ಅಂತ ಒಬ್ಬರಾದರೂ ಇರಬೇಕಲ್ವಾ."

ಇಷ್ಟು ಹೊತ್ತಿನಲ್ಲಿ ಕೇಳಿದ ಒಂದೇ ಒಂದು ಒಳ್ಳೆಯ ಮಾತು ಅದು. ಇನ್ಸ್‌ಪೆಕ್ಟರ್ ಫೋನಿನಲ್ಲೇ ಹೇಳಿದಳು: "ಡಾಕ್ಟರಮ್ಮ ಬರ್ತಿದ್ದಾರೆ. ಅವರನ್ನ ಒಳಗೆ ಬಿಡು. ಬೇರೆ ಯಾರನ್ನೂ ಬಿಡಬೇಡ."

ಆಮೇಲೆ ಸಭೆಯ ನಡುವೆ ಹೋಗಿ ನಿಂತಳು. "ಯಾರೂ ಕೈ ಎತ್ತಬೇಡಿ. ಸ್ವಲ್ಪ ಹೊತ್ತು ಟೀ ಕುಡೀರಿ. ಕಾರ್ಯದರ್ಶಿಗಳೇ, ನೀವು ಕೋಟು ತಗೊಂಡು ನನ್ನ ಜೊತೆ ಬನ್ನಿ."

*

ಪೋಸ್ಟರು, ಬಾವುಟ ತುಂಬಿದ ಉಗ್ರಾಣದಂಥ ಕೋಣೆ. ನೆಲದಿಂದ ಮೇಲಕ್ಕೆ ದೊಡ್ಡವರ ನಗುಮುಖವೇ ಕಟ್ಟುಕಟ್ಟಾಗಿ ಪೇರಿಸಿತ್ತು. ಇನ್ಸ್‌ಪೆಕ್ಟರ್ ಬಾಗಿಲು ಹಾಕಿದಳು.

"ಕೂತ್ಕೊಳಿ ಭಾವ."

"ಪುಟ್ಟೀ, ನನ್ನಾಣೆ, ನನಗೇನೂ..."

"ಕೇಳಿದ್ದಕ್ಕೆ ಮಾತ್ರ ಹೇಳಿ. ನಿಮ್ಮ ಕೈ ವಿಷಯ ದೊಡ್ಡವರಿಗೆ ಗೊತ್ತಿತ್ತಾ?"

ಅವನು ಪೋಸ್ಟರಿನ ಕಟ್ಟಿನ ಮೇಲೆ ಕುಸಿದ. "ಇಲ್ಲ."

"ಯಾವತ್ತಾದ್ರೂ ಮಾತಿಗೆ ಹೇಳಿರಬಹುದು. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋಕೇನಿದೆ? ಚಿಕ್ಕೋನಿದ್ದಾಗ ಗೋಡೆಯಿಂದ ಬಿದ್ದು ಮುರ್ಕೊಂಡಿದ್ದು. ಮದುವೆಯಾದಾಗಿಂದ ನಿಮ್ಮಕ್ಕ ನನ್ನ ಒಂದೊಂದು ಅಂಗಿಗೂ ಎಡತೋಳು ಗಿಡ್ಡ ಮಾಡಿ ಹೊಲೀತಾಳೆ. ಜನಕ್ಕೆ ಗೊತ್ತಾಗೋಕೆ ಅವಳು ಬಿಟ್ಟಿದ್ರೆ ತಾನೆ?"

ಒಂದು ಸುಳ್ಳು ಹೇಳಬಾರದಿತ್ತೇ ಈ ಮನುಷ್ಯ, ಎಂದುಕೊಂಡಳು ಇನ್ಸ್‌ಪೆಕ್ಟರ್. 'ದೊಡ್ಡವರಿಗೆ ಗೊತ್ತಿತ್ತು' ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೋಟು ದೊಡ್ಡವರ ಆಯ್ಕೆ, ಭಾವ ಅಧ್ಯಕ್ಷ, ಅಕ್ಕ ಅಧ್ಯಕ್ಷರ ಹೆಂಡತಿ. ದೊಡ್ಡವರಿಗೆ ಗೊತ್ತಿಲ್ಲದ ಮೇಲೆ ಈ ತೋಳನ್ನು ಅವರು ಹೊಲಿಸಲು ಸಾಧ್ಯವೇ ಇರಲಿಲ್ಲ.

ನೆಂಟರ ಕೇಸು ಬೇಡ ಎಂದು ಅವಳು ಮೇಲಿನ ಸಾಹೇಬರಿಗೆ ಮೊದಲೇ ಹೇಳಿದ್ದಳು. 'ಆ ಕಚೇರಿಯೊಳಗೆ ಬೇರೆ ಪೊಲೀಸರನ್ನ ಬಿಟ್ಕೊಳ್ಳಲ್ಲ, ನೀನಾದ್ರೆ ಬಿಟ್ಕೋತಾರೆ' ಎಂದು ಅವರು ತಳ್ಳಿಬಿಟ್ಟಿದ್ದರು. ಈಗ ಅನುಭವಿಸಬೇಕು.

ಕೋಟಿನ ಎಡತೋಳನ್ನು ಒಳಮಗ್ಗುಲು ಮಾಡಿದಳು. ಮಡಿಚಿದ ಅಂಚಿನ ಉದ್ದಕ್ಕೂ ಹೊಸ ಬೂದು ದಾರ. ಒಂದು ಕಡೆ ಹೊಲಿಗೆ ಬಿಚ್ಚಿ, ದಾರ ಕಿತ್ತು, ಬಟ್ಟೆ ಜೋಲುತ್ತಿತ್ತು. ಅದನ್ನು ಬೆಳಕಿಗೆ ಹಿಡಿದಳು.

"ದೊಡ್ಡವರ ಮುಷ್ಟಿಯಲ್ಲಿದ್ದಿದ್ದು ಇದೇ ದಾರ" ಎಂದಳು. "ಅರ್ಥ ಆಯ್ತಾ ಭಾವ? ಇದನ್ನ ಹೊಲಿಸಿದ್ದು ಅವರಲ್ಲ. ಅವರು ಬಿಚ್ಚುತ್ತಾ ಇದ್ರು. ತಮ್ಮ ಕೋಟಿಗೆ ಇನ್ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾಗಿ ಬಿಚ್ಚೋಕೆ ಶುರು ಮಾಡಿದ್ರು. ಆಗ ಯಾರೋ ಅವರನ್ನ ತಳ್ಳಿ, ಕೋಟು ಕಿತ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಬೀರುವಿಗೆ ನೇತುಹಾಕಿದ್ದಾರೆ. ಮೂಕ ಆದ ಮನುಷ್ಯನ ಬದಲಿಗೆ ಕೋಟು ಮಾತಾಡಲಿ ಅಂತ."

"ದೇವರೇ" ಎಂದ ಅವನು.

ಇನ್ಸ್‌ಪೆಕ್ಟರ್ ಹೊಲಿಗೆಯ ಕೊನೆಯನ್ನು ಹುಡುಕಿದಳು. ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕಿದಳು. ಸಿಕ್ಕಿತು.

ಅಕ್ಕತಂಗಿಯರ ಅಮ್ಮ ದಾರದ ತುದಿಗೆ ಗಂಟು ಹಾಕುತ್ತಿರಲಿಲ್ಲ. ಗಂಟು ಮೈಗೆ ಒತ್ತುತ್ತೆ ಎನ್ನುತ್ತಿದ್ದಳು. ಅದರ ಬದಲು ಕಾಗೆಯ ಕಾಲಿನ ಹಾಗೆ ಮೂರು ಪುಟ್ಟ ಎಳೆ ಹಾಕಿ ಮುಗಿಸುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳಿಗೂ ಕಲಿಸಿದ್ದಳು. ಒಬ್ಬಳು ಸೂಜಿ ಬಿಟ್ಟು ಲಾಠಿ ಹಿಡಿದಳು. ಇನ್ನೊಬ್ಬಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಳು.

ಕೋಟಿನ ಒಳಮಗ್ಗುಲಲ್ಲಿ ಕಾಗೆಕಾಲು ಅಚ್ಚುಕಟ್ಟಾಗಿ ಕೂತಿತ್ತು.

ಭಾವ ಬಗ್ಗಿ ನೋಡಿದ. ಆಮೇಲೆ ನಿಧಾನವಾಗಿ ತನ್ನ ಅಂಗಿಯ ಎಡತೋಳಿನ ಅಂಚನ್ನು ಮಗುಚಿದ. ಅಲ್ಲೂ ಅದೇ ಮೂರು ಎಳೆ.

ಹೊರಗೆ ಟೀ ಕಪ್ಪು-ಬಸಿಗಳ ಸದ್ದು. ಯಾರೋ ಆಗಲೇ "ಕಾರ್ಯದರ್ಶಿಗಳಿಗೆ..." ಎಂದು ಜೈಕಾರಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಭಾವ ಅಂಚನ್ನು ಮತ್ತೆ ಸರಿಮಾಡಿಕೊಂಡ. ಇಷ್ಟು ವರ್ಷದಲ್ಲಿ ಅವಳು ಅವನ ಬಾಯಲ್ಲಿ ಕೇಳಿರದ ಗಟ್ಟಿ ದನಿಯಲ್ಲಿ ಹೇಳಿದ:

"ನಾನೇ ಮಾಡಿಸಿದ್ದು. ಬರ್ಕೋ."

"ಭಾವ!"

"ಆಸೆ ಆಯ್ತು. ಎಷ್ಟು ದಿನ ಅಂತ ಮೈಕು ಸರಿಮಾಡ್ತಾ ಕೂರಲಿ? ನಾನೇ ಕೋಟು ಕದ್ದೆ, ಸುಳ್ಳು ಹೇಳಿ ಹೊಲಿಸಿದೆ, ದೊಡ್ಡವರನ್ನ ತಳ್ಳಿದೆ. ನಿಮ್ಮಕ್ಕನಿಗೆ ಏನೇನೂ ಗೊತ್ತಿಲ್ಲ. ಅವಳ ತಂಟೆಗೆ ಹೋಗ್ಬೇಡ ಪುಟ್ಟಿ, ನಿನ್ನ ಕಾಲು ಹಿಡ್ಕೋತೀನಿ."

"ಯಾವ ಮೆಟ್ಟಿಲಿಂದ ತಳ್ಳಿದ್ರಿ?"

"ಅದೇ... ಮುಂದಿನ ಮೆಟ್ಟಿಲು."

"ಹಿಂದಿನದು ಭಾವ. ಅವರು ಬಿದ್ದಿದ್ದು ಹಿಂದಿನ ಮೆಟ್ಟಿಲಲ್ಲಿ. ಆಂಬುಲೆನ್ಸ್ ಹಿಂದೆ ಓಡಿದ್ದು ನೀವೇ. ಅದೂ ನೆನಪಿಲ್ವಾ? ಸುಳ್ಳು ಹೇಳೋಕಾದ್ರೂ ಸ್ವಲ್ಪ ಕಲೀಬಾರದಾ?"

ಅವನು ಅಳತೊಡಗಿದ. ಇನ್ಸ್‌ಪೆಕ್ಟರ್ ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು. ಹೆಂಡತಿಗಾಗಿ ಕೊರಳೊಡ್ಡಲು ಹೊರಟ ಈ ಮನುಷ್ಯ ತಪ್ಪು ಮಾಡಿಲ್ಲ ಎನ್ನುವುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಯಿತು. ಹಾಗಾದರೆ ಉಳಿದವಳು ಅಕ್ಕ. ತನಗೆ ಜಡೆ ಹಾಕಿ, ಊಟ ಕಲಸಿಟ್ಟು, ಪೊಲೀಸ್ ಪರೀಕ್ಷೆಗೆ ಓಡು ಎಂದು ಬೆನ್ನು ತಟ್ಟಿ ಕಳಿಸಿದ ಅಕ್ಕ! ಅವಳ ಕೈಗೆ ಕೋಳ ಹಾಕುವುದೋ, ಇಲಾಖೆಗೆ ದ್ರೋಹ ಬಗೆಯುವುದೋ? ಬೇರೆ ದಾರಿ ಕಾಣಲಿಲ್ಲ.

ಫೋನು ಹಚ್ಚಿದಳು. ಆಚೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿ, ನಿಂತಿತು.

"ಏನೇ ಪುಟ್ಟಿ? ಊಟ ಆಯ್ತಾ?"

"ಅಕ್ಕ, ಪಕ್ಷದ ಕೋಟು ಹೊಲಿದಿದ್ದು ನೀನಾ?"

ಆಚೆ ಕತ್ತರಿ ಕೆಳಗಿಟ್ಟ ಸದ್ದು.

"ಅಕ್ಕ!"

"ಹೂಂ ಕಣೇ" ಎಂದಳು ಅಕ್ಕ ಕೊನೆಗೆ. "ಹೊಲಿದವರು ಬಾಯಿ ಬಿಡಬಾರದು ಅನ್ನೋದು ಅವರ ಕಟ್ಟಳೆ ಅಲ್ವಾ, ಅದಕ್ಕೆ ನಿನ್ನ ಭಾವನಿಗೂ ಹೇಳಿರಲಿಲ್ಲ. ಪಕ್ಷದ ಹಳೇ ಟೈಲರ್ ತೀರಿಕೊಂಡ ಮೇಲೆ ಈ ಸಲ ನನ್ನ ಪುಣ್ಯ ಅಂದ್ಕೊಂಡೆ. ಅಷ್ಟರಲ್ಲಿ ಪಾಪ ದೊಡ್ಡವರು ಬಿದ್ದುಬಿಟ್ರು. ಯಾಕೆ? ಸಭೆ ಮುಗೀತಾ? ಸರಿಹೋಯ್ತಾ ಅವರಿಗೆ?"

"ಯಾರಿಗೆ?"

"ಅಯ್ಯೋ, ಇನ್ಯಾರಿಗೆ? ಡಾಕ್ಟರಮ್ಮನಿಗೆ."

ಇನ್ಸ್‌ಪೆಕ್ಟರ್ ಪೋಸ್ಟರಿನ ಕಟ್ಟನ್ನು ಹಿಡಿದುಕೊಂಡಳು.

"ಅವರೇ ತಂದ್ಕೊಟ್ರು" ಎಂದು ಅಕ್ಕ ಮುಂದುವರಿಸಿದಳು. "ಫಲಿತಾಂಶದ ಮಾರನೇ ದಿನ. 'ದೊಡ್ಡವರು ನನ್ನನ್ನೇ ಆರಿಸಿದ್ದಾರೆ, ಹೇಳ್ಕೊಳ್ಳೋಕೆ ನನಗೇ ನಾಚಿಕೆ' ಅಂದ್ರು. ಅಳತೆಗೆ ಅಂತ ಆಸ್ಪತ್ರೆಗೆ ಹಾಕ್ಕೊಂಡು ಹೋಗೋ ತಮ್ಮ ಬಿಳಿ ಕೋಟೇ ಬಿಟ್ಟುಹೋದ್ರು. ಎರಡನ್ನೂ ಪಕ್ಕ ಪಕ್ಕ ಹಾಸ್ಕೊಂಡು ಅವತ್ತೇ ಮುಗಿಸಿಕೊಟ್ಟೆ. ಸೊಂಟಕ್ಕೆ ಸ್ವಲ್ಪ ಹಿಡಿದೆ."

"ಎಡತೋಳು ಎರಡು ಬೆರಳು ಗಿಡ್ಡ ಇದೆ ಅಕ್ಕ."

"ಏನಂದೆ?"

"ಎಡತೋಳು. ಗಿಡ್ಡ ಹೊಲಿದಿದ್ದೀಯ."

ಅಕ್ಕ ಉಸಿರೆಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು. "ಅಯ್ಯೋ ನನ್ನ ಕೈಗಿಷ್ಟು! ಗಂಡಸರ ಕೋಟು ಕೈಗೆ ಬಂದ್ರೆ ನನ್ನ ಕೈ ಎಡತೋಳನ್ನ ತಾನೇ ಮಡಿಚಿಬಿಡುತ್ತೆ ಕಣೇ. ಇಷ್ಟು ವರ್ಷದ ಅಭ್ಯಾಸ. ಛೇ, ಡಾಕ್ಟರಮ್ಮನ ಮುಖ ಹೇಗೆ ನೋಡಲಿ ನಾನು?"

ಎಲ್ಲವೂ ಒಟ್ಟಿಗೇ ಇನ್ಸ್‌ಪೆಕ್ಟರ್ ಕಣ್ಣ ಮುಂದೆ ಬಂದು ನಿಂತಿತು. ಭಾವನ ಹೊಟ್ಟೆಗೆ ಎಟುಕದ ಗುಂಡಿ. ಡಾಕ್ಟರಮ್ಮನ ಭುಜಕ್ಕೆ ಕೂತ ಕೋಟು, ಮಣಿಕಟ್ಟಿಗೆ ಹದವಾಗಿ ನಿಂತ ಬಲತೋಳು. ಗಿಡ್ಡ ತೋಳು ನೋಡಿ ಬಿಳಿಚಿದ ಆ ಮುಖ. ಬೆಚ್ಚಿದ್ದು ನಿಜವೇ. ಏನೂ ಗೊತ್ತಿಲ್ಲದೆ ಬೆಚ್ಚಿದ್ದಲ್ಲ, ಎಲ್ಲ ಗೊತ್ತಿದ್ದೂ ಕೋಟು ಕೈಕೊಟ್ಟಿತಲ್ಲ ಎಂದು ಬೆಚ್ಚಿದ್ದು!

"ಏನಾಯ್ತು?" ಎಂದ ಭಾವ, ಕಣ್ಣೊರೆಸಿಕೊಳ್ಳುತ್ತಾ. "ಅವಳೇನಂದ್ಲು? ಪುಟ್ಟೀ, ನಿನ್ನ ಮುಖ ಯಾಕೆ ಹೀಗಾಯ್ತು?"

ಅಕ್ಕ ಉಳಿದಳು, ಭಾವ ಉಳಿದ. ಆದರೆ ಅದನ್ನು ಸಾಬೀತು ಮಾಡಬೇಕಾದ ನಾಲಗೆ ಒಂದೇ, ಅದು ದೊಡ್ಡವರದು. ಆ ನಾಲಗೆ ಇನ್ನೇನು ಆಡುತ್ತದೆ ಎನ್ನುವ ಹೊತ್ತಿಗೆ ಅವರ ಮಂಚದ ಪಕ್ಕಕ್ಕೆ ಡಾಕ್ಟರಮ್ಮನನ್ನು ಕಳಿಸಿದವಳು ಅವಳೇ. ಕಾವಲಿನವನಿಗೆ ಹೇಳಿ, ಬಾಗಿಲು ತೆಗೆಸಿ ಕಳಿಸಿದ್ದಳು.

ಪೇದೆಯ ನಂಬರು ಒತ್ತಿದಳು.

"ಹೇಳಿ ಮೇಡಂ."

"ಡಾಕ್ಟರಮ್ಮ ಬಂದ್ರಾ?"

"ಬಂದು ಸುಮಾರು ಹೊತ್ತಾಯ್ತು ಮೇಡಂ. ನೀವು ಹೇಳಿದ ಹಾಗೇ ಒಳಗೆ ಬಿಟ್ಟೆ. ನರ್ಸನ್ನ ಯಾವುದೋ ಔಷಧಿ ತರೋಕೆ ಕಳಿಸಿದ್ರು. ನನಗೂ ಟೀ ಕುಡ್ಕೊಂಡು ಬಾ ಅಂದ್ರು. ಒಳ್ಳೆಯವರು ಮೇಡಂ, ಈಗಷ್ಟೇ ಕುಡಿದು ಬಂದೆ."

"ಒಳಗೆ ಹೋಗು. ಈಗಲೇ ಹೋಗು!"

ಓಡುವ ಬೂಟಿನ ಸದ್ದು. ಹಿಡಿ ತಿರುಗಿಸುವ ಸದ್ದು, ಮತ್ತೆ ಮತ್ತೆ.

"ಮೇಡಂ, ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ."

"ಒಡೆ!"

ಪೇದೆ ಬಾಗಿಲು ಗುದ್ದತೊಡಗಿದ. ಡಾಕ್ಟರಮ್ಮನನ್ನು ಕೂಗಿದ, ದೊಡ್ಡವರನ್ನು ಕೂಗಿದ. ಇನ್ಸ್‌ಪೆಕ್ಟರ್ ಕಿವಿಗೆ ಫೋನು ಒತ್ತಿ ಹಿಡಿದು ನಿಂತಳು. ಒಳಗಿನಿಂದ ಯಾರೂ ಓಗೊಡಲಿಲ್ಲ.